"ಬೈ" ಬಂದ ತಕ್ಷಣ "ವಿಲ್ ಹ್ಯಾವ್" ಹಾಕಲೇಬೇಕಾ? ಇಂಗ್ಲಿಷ್‌ನ ಫ್ಯೂಚರ್ ಪರ್ಫೆಕ್ಟ್ ಬಗ್ಗೆ ತಿಳಿದವರು ಹೇಳಿ

ನಿಟ್ಟುವಳ್ಳಿ ಟ್ಯೂಷನ್ ಅಕ್ಕ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ. ಹತ್ತನೇ ಕ್ಲಾಸ್, ಪಿಯು ಮಕ್ಕಳೇ ಜಾಸ್ತಿ. ಸಂಜೆ ಹೊತ್ತು ಎಸ್‌ಡಿಎ, ಎಫ್‌ಡಿಎಗೆ ಓದುವವರೂ ಒಂದಿಷ್ಟು ಜನ ಬರುತ್ತಾರೆ. ಹೆಚ್ಚು ಕಡಿಮೆ ಎಲ್ಲರೂ ಕನ್ನಡ ಮೀಡಿಯಂ.

ಮೊನ್ನೆ ಒಬ್ಬ ಹುಡುಗ ಕೋಚಿಂಗ್ ನೋಟ್ಸ್ ತಂದು ತೋರಿಸಿದ. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ರೂಲ್ ಇದೆ: ವಾಕ್ಯದಲ್ಲಿ "ಬೈ" ಮತ್ತು ಮುಂದಿನ ಸಮಯ ಬಂದರೆ ಕಣ್ಣು ಮುಚ್ಚಿ "ವಿಲ್ ಹ್ಯಾವ್ ಪ್ಲಸ್ ವಿ ತ್ರೀ" (ವಿ ತ್ರೀ ಅಂದರೆ ಕ್ರಿಯಾಪದದ ಮೂರನೇ ರೂಪ) ಹಾಕಿ. ಕೆಳಗೆ ಒಂದು ಪ್ರಶ್ನೆ: "ಬೈ ನೆಕ್ಸ್ಟ್ ಮಾರ್ಚ್, ದ ಕೆನಾಲ್ ವರ್ಕ್ ಡ್ಯಾಶ್." ಆಯ್ಕೆಗಳು ನಾಲ್ಕು. ವಿಲ್ ಕಂಪ್ಲೀಟ್, ವಿಲ್ ಬಿ ಕಂಪ್ಲೀಟೆಡ್, ವಿಲ್ ಹ್ಯಾವ್ ಕಂಪ್ಲೀಟೆಡ್, ವಿಲ್ ಹ್ಯಾವ್ ಬೀನ್ ಕಂಪ್ಲೀಟೆಡ್. ಕೀ ಆನ್ಸರ್‌ನಲ್ಲಿ ಮೂರನೆಯದು ಸರಿ ಅಂತ ಕೊಟ್ಟಿದ್ದಾರೆ.

ನನಗೆ ನಾಲ್ಕನೆಯದು ಸರಿ ಅನ್ನಿಸುತ್ತದೆ. ಆದರೆ ಎರಡನೆಯದು ಯಾಕೆ ತಪ್ಪು ಅಂತ ಮಕ್ಕಳು ಕೇಳಿದರೆ ಗಟ್ಟಿಯಾಗಿ ಹೇಳುವ ಉತ್ತರ ಬೇಕು. ರೂಲ್ ಬಾಯಿಪಾಠ ಮಾಡಿಸುವುದು ನನಗೆ ಇಷ್ಟ ಇಲ್ಲ. ಕನ್ನಡದಲ್ಲೇ ಯೋಚಿಸುವ ಮಕ್ಕಳಿಗೆ ಇದನ್ನು ಹೇಗೆ ತಿಳಿಸುತ್ತೀರಿ?

ದುರ್ಗದ ಬಂಡೆ
ಕೀ ತಪ್ಪು ಅಕ್ಕ. ವಿಲ್ ಹ್ಯಾವ್ ಬೀನ್ ಕಂಪ್ಲೀಟೆಡ್. ಕಾಲುವೆ ಕೆಲಸ ತಾನೇ ಏನನ್ನೂ ಕಂಪ್ಲೀಟ್ ಮಾಡುವುದಿಲ್ಲ, ಅದನ್ನು ಯಾರೋ ಮಾಡಬೇಕು.

ಜಗಳೂರು ಆಸ್ಪಿರಂಟ್
ಮೇಡಂ, ಪರೀಕ್ಷೆಗೆ ಓದುವವರಿಗೆ ರೂಲೇ ಒಳ್ಳೆಯದು. ಬೈ ಕಂಡರೆ ವಿಲ್ ಹ್ಯಾವ್. ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಿಗುವುದೂ ಕಷ್ಟ. ಅಲ್ಲಿ ಕೂತು ಅರ್ಥ ಹುಡುಕುತ್ತಾ ಇದ್ದರೆ ಪೇಪರ್ ಮುಗಿಯುವುದಿಲ್ಲ.

ಹರಿಹರದ ಮೇಷ್ಟ್ರು
ಜಗಳೂರಿನ ತಮ್ಮನಿಗೆ ಮೊದಲು ಒಂದು ಮಾತು. ಆ ರೂಲ್ ನಿನಗೆ ಟೈಮ್ ಉಳಿಸುವುದಿಲ್ಲ, ಮಾರ್ಕ್ಸ್ ಕಳೆಯುತ್ತದೆ. ಈ ವಾಕ್ಯ ನೋಡು: "ಬೈ ಮಂಡೇ, ಐ ವಿಲ್ ಬಿ ಇನ್ ಬೆಂಗಳೂರು." ಸೋಮವಾರದ ಹೊತ್ತಿಗೆ ಬೆಂಗಳೂರಿನಲ್ಲಿ ಇರುತ್ತೇನೆ. ಬೈ ಇದೆ, ಮುಂದಿನ ಸಮಯ ಇದೆ, ಆದರೂ ವಿಲ್ ಹ್ಯಾವ್ ಇಲ್ಲ. ವಾಕ್ಯ ನೂರಕ್ಕೆ ನೂರು ಸರಿ. "ಐ ವಿಲ್ ಫಿನಿಷ್ ಇಟ್ ಬೈ ಫೈವ್" ಕೂಡ ಸರಿ. ಇಂಗ್ಲಿಷ್ ಮಾತೃಭಾಷೆಯವರು ದಿನಾ ಆಡುವ ಮಾತು ಅದು.

ಈಗ ಅಕ್ಕನ ಪ್ರಶ್ನೆ. ನಾನು ಕ್ಲಾಸಿನಲ್ಲಿ ಬೈ ಇಂದ ಶುರು ಮಾಡುವುದೇ ಇಲ್ಲ. ಮದುವೆ ಊಟದಿಂದ ಶುರು ಮಾಡುತ್ತೇನೆ. ನೀವು ಎರಡು ಗಂಟೆಗೆ ಛತ್ರಕ್ಕೆ ಬರುತ್ತೀರಿ ಅಂತ ಇಟ್ಟುಕೊಳ್ಳಿ. ಮೂರು ವಾಕ್ಯ ಬೋರ್ಡ್ ಮೇಲೆ ಬರೆಯುತ್ತೇನೆ.

"ವೆನ್ ಯು ಕಮ್ ಅಟ್ ಟೂ, ವಿ ವಿಲ್ ಈಟ್." ನೀವು ಬಂದ ಮೇಲೆ ಎಲ್ಲರೂ ಸೇರಿ ಊಟಕ್ಕೆ ಕೂರುತ್ತೇವೆ.

"ವೆನ್ ಯು ಕಮ್ ಅಟ್ ಟೂ, ವಿ ವಿಲ್ ಬಿ ಈಟಿಂಗ್." ನೀವು ಬರುವಾಗ ನಾವು ಎಲೆ ಮುಂದೆ ಇರುತ್ತೇವೆ. ಅನ್ನ ಸಾರು ನಡೆಯುತ್ತಿರುತ್ತದೆ.

"ವೆನ್ ಯು ಕಮ್ ಅಟ್ ಟೂ, ವಿ ವಿಲ್ ಹ್ಯಾವ್ ಈಟನ್." ನೀವು ಬರುವ ಹೊತ್ತಿಗೆ ಎಲೆ ಎತ್ತಿ ಆಗಿರುತ್ತದೆ. ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತೇವೆ.

ಮೂರರಲ್ಲೂ ಬೈ ಇಲ್ಲ. ಆದರೆ ಮೂರನೆಯದು ಅಪ್ಪಟ ಫ್ಯೂಚರ್ ಪರ್ಫೆಕ್ಟ್. ಮುಂದಿನ ಒಂದು ಗಳಿಗೆಗೆ ಹೋಗಿ ನಿಲ್ಲಬೇಕು. ಅಲ್ಲಿಂದ ಹಿಂದೆ ತಿರುಗಿ ನೋಡಿದಾಗ ಕೆಲಸ ಆಗಿಹೋಗಿದ್ದರೆ ವಿಲ್ ಹ್ಯಾವ್. ಇದು ಮಗುವಿಗೆ ಒಂದು ಸಲ ಕಂಡರೆ ಸಾಕು, ರೂಲ್ ಬೇಕಾಗುವುದಿಲ್ಲ.

ಜಗಳೂರು ಆಸ್ಪಿರಂಟ್
ಒಪ್ಪುತ್ತೇನೆ ಸರ್, ಚೆನ್ನಾಗಿದೆ. ಆದರೆ ಆಯ್ಕೆಯಲ್ಲಿ "ವಿಲ್ ಫಿನಿಷ್", "ವಿಲ್ ಹ್ಯಾವ್ ಫಿನಿಷ್ಡ್" ಎರಡೂ ಕೊಟ್ಟು "ಬೈ ಫೈವ್" ಅಂತ ಇಟ್ಟರೆ ನಾನು ಏನು ಗುರುತು ಹಾಕಲಿ? ಎರಡೂ ಸರಿ ಅಂತ ಓಎಂಆರ್ ಶೀಟ್‌ನಲ್ಲಿ ಬರೆಯಲು ಆಗುವುದಿಲ್ಲ.

ಹರಿಹರದ ಮೇಷ್ಟ್ರು
ಆಗ ವಿಲ್ ಹ್ಯಾವ್ ಫಿನಿಷ್ಡ್ ಹಾಕು. ಪ್ರಶ್ನೆ ತೆಗೆದವರ ಮನಸ್ಸಿನಲ್ಲಿ ಇರುವುದು ಅದೇ. ಆದರೆ ಇನ್ನೊಂದು ತಪ್ಪು ಅಂತ ತಲೆಯಲ್ಲಿ ಕೂರಿಸಿಕೊಳ್ಳಬೇಡ. ನಾಳೆ ಕೆಲಸ ಸಿಕ್ಕಿ ಲೆಟರ್ ಬರೆಯುವಾಗ ಸರಿಯಾದ ವಾಕ್ಯವನ್ನು ಕೂತು ತಿದ್ದುತ್ತೀಯ.

ಪಿ.ಜೆ. ಬಡಾವಣೆ ಐಟಿ
ಇಬ್ಬರ ಮಾತಿಗೂ ಸೇರಿಸುತ್ತೇನೆ. ನಮ್ಮ ಕೆಲಸದಲ್ಲಿ ಈ ವ್ಯತ್ಯಾಸ ದಿನಾ ಬರುತ್ತದೆ. ಕ್ಲೈಂಟ್‌ಗೆ "ವಿ ವಿಲ್ ಸೆಂಡ್ ದ ರಿಪೋರ್ಟ್ ಬೈ ಫ್ರೈಡೇ" ಅಂತ ಬರೆದರೆ ಅದು ಮಾತು ಕೊಟ್ಟ ಹಾಗೆ. ಶುಕ್ರವಾರದೊಳಗೆ ಕಳಿಸುತ್ತೇವೆ, ಅಷ್ಟೆ. ಆದರೆ ಅವರು "ಶುಕ್ರವಾರ ಮಧ್ಯಾಹ್ನ ಮೀಟಿಂಗ್ ಇಡೋಣವಾ?" ಅಂತ ಕೇಳಿದರೆ ನಾನು "ಯೆಸ್, ವಿ ವಿಲ್ ಹ್ಯಾವ್ ಸೆಂಟ್ ದ ರಿಪೋರ್ಟ್ ಬೈ ದೆನ್" ಅಂತ ಬರೆಯುತ್ತೇನೆ. ಅಷ್ಟೊತ್ತಿಗೆ ಕಳಿಸಿ ಆಗಿರುತ್ತದೆ, ಹಾಗಾಗಿ ಮೀಟಿಂಗ್‌ಗೆ ತೊಂದರೆ ಇಲ್ಲ. ಮುಂದಿನ ಇನ್ನೊಂದು ಸಂಗತಿ ಈ ಕೆಲಸದ ಮೇಲೆ ನಿಂತಿದ್ದರೆ ವಿಲ್ ಹ್ಯಾವ್ ತಾನಾಗಿ ಬರುತ್ತದೆ.

ಹೊಳಲ್ಕೆರೆ ರಸ್ತೆ
ಅಂದ್ರೆ ಅಕ್ಕನ ಪ್ರಶ್ನೆಯಲ್ಲಿ ಎರಡನೇ ಆಯ್ಕೆ, ವಿಲ್ ಬಿ ಕಂಪ್ಲೀಟೆಡ್, ಅದೂ ಸರಿನಾ?

ಹರಿಹರದ ಮೇಷ್ಟ್ರು
ಸರಿಯೇ. ಪೇಪರ್‌ನಲ್ಲಿ, ಸರ್ಕಾರಿ ಪ್ರಕಟಣೆಯಲ್ಲಿ ದಿನಾ ನೋಡುವುದು ಅದನ್ನೇ. ಆ ಪ್ರಶ್ನೆಯಲ್ಲಿ ಖಚಿತವಾಗಿ ತಪ್ಪು ಅಂತ ಹೇಳಬಹುದಾದ್ದು ಒಂದನೆಯದು ಮತ್ತು ಮೂರನೆಯದು. ಅವರು ಕೀಯಲ್ಲಿ ಕೊಟ್ಟಿರುವುದು ಆ ಮೂರನೆಯದನ್ನೇ! ಅಂಥ ನೋಟ್ಸ್‌ಗೆ ಮಕ್ಕಳು ದುಡ್ಡು ಕೊಡುತ್ತಿದ್ದಾರೆ ಅನ್ನುವುದು ನನಗೆ ನಿಜವಾಗಲೂ ಬೇಜಾರು.

ಚಳ್ಳಕೆರೆ ಶೇಂಗಾ
ಒಂದು ಅನುಮಾನ. "ದ ಪಿಕ್ಚರ್ ವಿಲ್ ಹ್ಯಾವ್ ಫಿನಿಷ್ಡ್ ಬೈ ನೈನ್" ಅಂತ ಕೇಳಿದ್ದೇನೆ. ಪಿಕ್ಚರ್ ಕೂಡ ತಾನೇ ಏನೂ ಮಾಡುವುದಿಲ್ಲ. ಅಲ್ಲಿ ಬೀನ್ ಯಾಕಿಲ್ಲ?

ದುರ್ಗದ ಬಂಡೆ
ಒಳ್ಳೆ ಪ್ರಶ್ನೆ. ಫಿನಿಷ್, ಎಂಡ್, ಸ್ಟಾರ್ಟ್, ಓಪನ್ ಇವೆಲ್ಲ ಎರಡೂ ಕಡೆ ನಡೆಯುತ್ತವೆ. ಪಿಕ್ಚರ್ ಫಿನಿಷ್ ಆಗಬಹುದು, ನಾವು ಊಟ ಫಿನಿಷ್ ಮಾಡಬಹುದು. ಕಂಪ್ಲೀಟ್ ಹಾಗಲ್ಲ. ಅದಕ್ಕೆ ಯಾವಾಗಲೂ ಮಾಡುವವರು ಬೇಕು. ಕನ್ನಡದಲ್ಲಿ ನಮಗೆ ಮುಗಿ, ಮುಗಿಸು ಅಂತ ಎರಡು ಬೇರೆ ಬೇರೆ ಇವೆ. ಕೆಲಸ ಮುಗಿಯುತ್ತದೆ, ನಾವು ಮುಗಿಸುತ್ತೇವೆ. ಮಕ್ಕಳಿಗೆ ಹೀಗೆ ಹೇಳಿ: ಕಂಪ್ಲೀಟ್ ಅಂದರೆ ಮುಗಿಯುವುದಲ್ಲ, ಮುಗಿಸುವುದು. ಕೆಲಸ ಮುಗಿಸಲ್ಪಡಬೇಕು, ಅದಕ್ಕೇ ಬೀನ್.

ನಿಟ್ಟುವಳ್ಳಿ ಟ್ಯೂಷನ್ ಅಕ್ಕ
ಮುಗಿ, ಮುಗಿಸು! ಇದು ಮಕ್ಕಳಿಗೆ ತಕ್ಷಣ ಹತ್ತುತ್ತದೆ. ನಾಳೆಯೇ ಹೇಳುತ್ತೇನೆ.

ಇನ್ನೊಂದು. ಮಕ್ಕಳು ಜಾಸ್ತಿ ಎಡವುವುದು "ವಿಲ್ ಹ್ಯಾವ್ ಟು" ಹತ್ತಿರ. ಒಬ್ಬಳು ಬರೆದಿದ್ದಾಳೆ: "ಐ ವಿಲ್ ಹ್ಯಾವ್ ಟು ಫಿನಿಷ್ಡ್ ಮೈ ಹೋಮ್‌ವರ್ಕ್ ಬೈ ಸಿಕ್ಸ್." ಮುಗಿಸಿರುತ್ತೇನೆ ಅಂತ ಅವಳ ಮನಸ್ಸಿನಲ್ಲಿ. ಟು ಬಂದರೆ ಮುಗಿಸಬೇಕಾಗುತ್ತದೆ ಅಂತ ಆಗಿಬಿಡುತ್ತದೆ.

ಪಿ.ಜೆ. ಬಡಾವಣೆ ಐಟಿ
ಇದು ಆಫೀಸಿನಲ್ಲೂ ಇದೆ. "ಐ ವಿಲ್ ಹ್ಯಾವ್ ಟು ಡೂ" ಅಂದರೆ ಮಾಡಬೇಕಾಗುತ್ತದೆ. "ಐ ವಿಲ್ ಹ್ಯಾವ್ ಡನ್" ಅಂದರೆ ಮಾಡಿರುತ್ತೇನೆ. "ಐ ವಿಲ್ ಹ್ಯಾವ್ ಕಾಫಿ" ಅಂದರೆ ಕಾಫಿ ಕುಡಿಯುತ್ತೇನೆ. ಮೂರೂ ಒಂದೇ ಥರ ಶುರುವಾಗುತ್ತವೆ. ಹ್ಯಾವ್ ಆದ ಮೇಲೆ ಏನು ಬರುತ್ತದೆ ಅನ್ನುವುದನ್ನೇ ನೋಡಬೇಕು.

ಕುಂದುವಾಡ ಕೆರೆ
"ಹಿ ವಿಲ್ ಹ್ಯಾಸ್ ಗಾನ್" ಬರೆಯುವವರನ್ನೂ ಸೇರಿಸಿ. ಹಿ ಬಂತು ಅಂತ ಹ್ಯಾಸ್ ಹಾಕುತ್ತಾರೆ. ವಿಲ್ ಆದ ಮೇಲೆ ಯಾವಾಗಲೂ ಹ್ಯಾವ್. ಹಿ, ಶಿ, ಇಟ್ ಯಾರೇ ಬರಲಿ.

ಚಳ್ಳಕೆರೆ ಶೇಂಗಾ
"ವಿಲ್ ಹ್ಯಾವ್ ವೆಂಟ್" ಮರೆತಿರಿ. ಅದಂತೂ ಎಲ್ಲ ಕಡೆ. ಗೋ, ವೆಂಟ್, ಗಾನ್ ಅಂತ ರಾಗ ಹಾಕಿ ಹೇಳುವ ಮಕ್ಕಳೇ ವಾಕ್ಯ ಬರೆಯುವಾಗ ಮಧ್ಯದ್ದನ್ನು ತೆಗೆದು ಹಾಕುತ್ತಾರೆ.

ಹಳೇ ಮಾಧ್ಯಮಿಕ ಶಾಲೆ
ನಾನು ನಿವೃತ್ತ ಶಿಕ್ಷಕ. ಯಾರೂ "ಶಾಲ್ ಹ್ಯಾವ್" ಬಗ್ಗೆ ಮಾತೇ ಎತ್ತಲಿಲ್ಲ. ಐ, ವಿ ಬಂದರೆ ಶಾಲ್ ಹ್ಯಾವ್, ಉಳಿದವರಿಗೆ ವಿಲ್ ಹ್ಯಾವ್ ಎಂದು ನಾವು ಓದಿದ್ದು, ಹಾಗೆಯೇ ಕಲಿಸಿದ್ದು. "ಐ ಶಾಲ್ ಹ್ಯಾವ್ ಫಿನಿಷ್ಡ್." ಅದರ ಗತ್ತೇ ಬೇರೆ.

ಪಿ.ಜೆ. ಬಡಾವಣೆ ಐಟಿ
ಸರ್, ಗೌರವದಿಂದಲೇ ಹೇಳುತ್ತೇನೆ. ಈಗ ಯಾರೂ ಹಾಗೆ ಬರೆಯುವುದಿಲ್ಲ. ಅಮೆರಿಕದವರು ಮೊದಲೇ ಬಳಸುತ್ತಿದ್ದುದು ಕಡಿಮೆ. ಬ್ರಿಟನ್ನಿನಲ್ಲೂ ಎಲ್ಲದಕ್ಕೂ ವಿಲ್ ಸಾಕು. ಮಾತಿನಲ್ಲಿ ಅದೂ ಸವೆದು "ಐಲ್ ಅವ್" ಅಂತ ಕೇಳುತ್ತದೆ.

ಹಳೇ ಮಾಧ್ಯಮಿಕ ಶಾಲೆ
ಬಳಕೆ ಕಡಿಮೆಯಾಯಿತು, ನಿಜ. ತಪ್ಪಾಗಿಲ್ಲ. ಹಳೆಯ ಪುಸ್ತಕ ಓದುವಾಗ ಮಗು ಶಾಲ್ ಕಂಡು ಗಾಬರಿ ಆಗಬಾರದು. ಅಷ್ಟಕ್ಕಾದರೂ ಒಂದು ಸಲ ಹೇಳಿ.

ಹಿರಿಯೂರು ಮಾರಿಕಣಿವೆ
ನಮ್ಮ ಕಡೆ ಉದಾಹರಣೆ ಕೊಡುತ್ತೇನೆ. ಬೈ ಅನ್ನು ಮಾತ್ರ ನಂಬಿದರೆ ಹಿಂದಿನ ಕಾಲಕ್ಕೂ ಮೋಸ ಹೋಗುತ್ತೇವೆ. ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದ್ದು 1907ರಲ್ಲಿ. "ಬೈ 1907, ದೆ ಹ್ಯಾಡ್ ಬಿಲ್ಟ್ ದ ಡ್ಯಾಮ್." ಇಲ್ಲಿಯೂ ಬೈ ಇದೆ, ಆದರೆ ಪಾಸ್ಟ್ ಪರ್ಫೆಕ್ಟ್. ಅದೇ ಡ್ಯಾಮ್ ಬಗ್ಗೆ ಮುಂದಕ್ಕೆ ಹೇಳಿ: "ಇನ್ 2027, ದ ಡ್ಯಾಮ್ ವಿಲ್ ಹ್ಯಾವ್ ಸ್ಟುಡ್ ಫಾರ್ 120 ಇಯರ್ಸ್." ಬೈ ಇಲ್ಲ, ಫ್ಯೂಚರ್ ಪರ್ಫೆಕ್ಟ್ ಇದೆ.

ಪ್ರಸ್ತಾಪ ಬಂತು ಅಂತ ಹೇಳುತ್ತೇನೆ. 1933ರಲ್ಲಿ ತುಂಬಿದ ಡ್ಯಾಮ್ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ. ನಮ್ಮ ಅಜ್ಜಿ ಕೋಡಿ ಬಿದ್ದ ಕಥೆ ಹೇಳುತ್ತಿದ್ದರು, ಅದನ್ನು ಕಣ್ಣಾರೆ ನೋಡುವ ಭಾಗ್ಯ ನಮಗೆ ಸಿಕ್ಕಿತು. ಜನ ಗಾಡಿ ಕಟ್ಟಿಕೊಂಡು ಬಂದಿದ್ದರು.

ಕುಂದುವಾಡ ಕೆರೆ
ನಾವೂ ಬಂದಿದ್ದೆವು! ಕೋಡಿ ನೀರು ನೋಡಿ ಹಿರಿಯೂರಿನಲ್ಲಿ ಊಟ ಮಾಡಿ ಬಂದೆವು. ಆ ದಿನ ಹೈವೇನಲ್ಲಿ ಎಷ್ಟು ಜನ!

ದುರ್ಗದ ಬಂಡೆ
ದಾವಣಗೆರೆಯವರು ದುರ್ಗದ ಡ್ಯಾಮ್ ನೋಡಲು ಬರುತ್ತೀರಿ, ಕೋಟೆ ನೋಡಲು ಬರುತ್ತೀರಿ. 1997ರ ತನಕ ಒಂದೇ ಜಿಲ್ಲೆ ಆಗಿದ್ದೆವಲ್ಲ, ಸಂಬಂಧ ಬಿಟ್ಟಿಲ್ಲ.

ಜಗಳೂರು ಆಸ್ಪಿರಂಟ್
ನೀವೂ ಬೆಣ್ಣೆ ದೋಸೆಗೆ ಇಲ್ಲಿಗೇ ಬರುತ್ತೀರಲ್ಲಾ ಅಣ್ಣ.

ದುರ್ಗದ ಬಂಡೆ
ಬರುತ್ತೇವೆ. ದೋಸೆಗೂ ಬರುತ್ತೇವೆ, ಮಂಡಕ್ಕಿ ಮೆಣಸಿನಕಾಯಿಗೂ ಬರುತ್ತೇವೆ. ಅದರಲ್ಲಿ ವಾದ ಇಲ್ಲ.

ಹರಿಹರದ ಮೇಷ್ಟ್ರು
ಜಿಲ್ಲೆಯ ಮಾತು ಬಂದದ್ದು ಒಳ್ಳೆಯದಾಯಿತು. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15. "ಇನ್ ಆಗಸ್ಟ್ 2027, ದಾವಣಗೆರೆ ವಿಲ್ ಹ್ಯಾವ್ ಬೀನ್ ಎ ಡಿಸ್ಟ್ರಿಕ್ಟ್ ಫಾರ್ ಥರ್ಟಿ ಇಯರ್ಸ್." ಅಕ್ಕ, ಇದನ್ನು ಮಕ್ಕಳಿಗೆ ಕೊಡಿ. ಊರಿನ ವಿಷಯ ಆದರೆ ನೆನಪಿರುತ್ತದೆ. ಇಲ್ಲಿ ಕೆಲಸ ಮುಗಿಯುವುದಿಲ್ಲ ಅನ್ನುವುದನ್ನೂ ಗಮನಿಸಬೇಕು. ಜಿಲ್ಲೆ ಅವತ್ತಿಗೆ ನಿಂತುಹೋಗುವುದಿಲ್ಲ, ಮುಂದುವರಿಯುತ್ತದೆ. 30 ವರ್ಷ ತುಂಬಿರುತ್ತದೆ, ಅಷ್ಟೆ.

ಹೊಳಲ್ಕೆರೆ ರಸ್ತೆ
ಇಲ್ಲೇ ನನಗೆ ಗೊಂದಲ. ಇಷ್ಟು ವರ್ಷ ಅಂತ ಬಂದರೆ "ವಿಲ್ ಹ್ಯಾವ್ ಬೀನ್ ಐಎನ್‌ಜಿ" ಹಾಕಬೇಕು ಅಂತ ಓದಿದ್ದೇನೆ.

ಹರಿಹರದ ಮೇಷ್ಟ್ರು
ಕೆಲಸ ಮಾಡುವ ಕ್ರಿಯಾಪದ ಆದರೆ ಹಾಕಬಹುದು. "ಬೈ ಜೂನ್ ಐ ವಿಲ್ ಹ್ಯಾವ್ ಬೀನ್ ಟೀಚಿಂಗ್ ಫಾರ್ ಟ್ವೆಂಟಿ ಇಯರ್ಸ್." ಜೂನ್ ಬಂದರೆ ಪಾಠ ಮಾಡುತ್ತಾ 20 ವರ್ಷ ಆಗಿರುತ್ತದೆ. ಆದರೆ ನೋ (ಗೊತ್ತಿರು), ಬಿಲೀವ್, ಓನ್, ಬಿ ಇಂಥವಕ್ಕೆ ಐಎನ್‌ಜಿ ಕೂರುವುದಿಲ್ಲ. "ವಿಲ್ ಹ್ಯಾವ್ ಬೀನ್ ನೋಯಿಂಗ್" ತಪ್ಪು, "ವಿಲ್ ಹ್ಯಾವ್ ನೋನ್" ಸರಿ. ಲಿವ್, ವರ್ಕ್ ಇವೆರಡಕ್ಕೆ ಹೇಗೆ ಹೇಳಿದರೂ ನಡೆಯುತ್ತದೆ.

ಎಣಿಸಿ ಹೇಳುವುದಾದರೂ ಐಎನ್‌ಜಿ ಬೇಡ. ಐದು ಅಧ್ಯಾಯ ಓದಿ ಮುಗಿಸಿರುತ್ತೇನೆ ಅಂದರೆ "ವಿಲ್ ಹ್ಯಾವ್ ರೆಡ್ ಫೈವ್ ಚಾಪ್ಟರ್ಸ್." ಓದುತ್ತಾ ಮೂರು ತಾಸು ಆಗಿರುತ್ತದೆ ಅಂದರೆ "ವಿಲ್ ಹ್ಯಾವ್ ಬೀನ್ ರೀಡಿಂಗ್ ಫಾರ್ ತ್ರೀ ಅವರ್ಸ್."

ಜಾಜೂರು ಜಂಕ್ಷನ್
ನಾನು ಕಾಲ್ ಸೆಂಟರ್‌ನಲ್ಲಿ ಇದ್ದವಳು. ಅಲ್ಲಿ ನಮ್ಮ ಟ್ರೈನರ್ ದಿನಾ ತಿದ್ದುತ್ತಿದ್ದ ತಪ್ಪು ಒಂದಿತ್ತು. "ಬೈ ದ ಟೈಮ್ ಯು ವಿಲ್ ರೀಚ್, ದ ಟ್ರೈನ್ ವಿಲ್ ಹ್ಯಾವ್ ಲೆಫ್ಟ್." ನಮ್ಮ ಬ್ಯಾಚಿನಲ್ಲಿ ಮುಕ್ಕಾಲು ಜನ ಹೀಗೇ ಹೇಳುತ್ತಿದ್ದರು. ಮೊದಲ ಭಾಗದಲ್ಲಿ ವಿಲ್ ಬರಬಾರದು. "ಬೈ ದ ಟೈಮ್ ಯು ರೀಚ್." ವೆನ್, ಆಫ್ಟರ್, ಬಿಫೋರ್, ಅನ್‌ಟಿಲ್, ಆಸ್ ಸೂನ್ ಆಸ್ ಎಲ್ಲಕ್ಕೂ ಇದೇ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಯೋಚಿಸಿದೆ. ನಾವು "ನೀವು ಬರೋ ಹೊತ್ತಿಗೆ" ಅನ್ನುತ್ತೇವೆ. ಆ "ಬರೋ" ಇನ್ನೂ ಆಗಿಲ್ಲದ್ದು. ತಲೆ ಅದನ್ನು ನೇರ ವಿಲ್ ಮಾಡಿಬಿಡುತ್ತದೆ. ಸುಮ್ನೆ ತಪ್ಪು ಅಂತ ಕೆಂಪು ಗೆರೆ ಎಳೆದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ. ಎಲ್ಲಿಂದ ಬಂತು ಅಂತ ತೋರಿಸಬೇಕು.

ಕುಂದುವಾಡ ಕೆರೆ
ಜಾಜೂರು ಅಂದ ಮೇಲೆ ಕೇಳುತ್ತೇನೆ. ದುರ್ಗದಿಂದ ದಾವಣಗೆರೆಗೆ ರೈಲಿನಲ್ಲಿ ಬರಬೇಕು ಅಂದರೆ ಈಗಲೂ ಚಿಕ್ಕಜಾಜೂರು ಸುತ್ತಿಯೇ ಬರಬೇಕು ಅಲ್ವಾ?

ಜಾಜೂರು ಜಂಕ್ಷನ್
ಹೌದು. ತುಮಕೂರು, ದುರ್ಗ, ದಾವಣಗೆರೆ ನೇರ ಮಾರ್ಗ ಪೂರ್ತಿ ಆದರೆ ಆ ಸುತ್ತು ತಪ್ಪುತ್ತದೆ. ಅಲ್ಲಿವರೆಗೆ ಬಸ್ಸೇ ಬೇಗ.

ಹೊಳಲ್ಕೆರೆ ರಸ್ತೆ
ನೇರ ಮಾರ್ಗ ಯಾವಾಗ ಮುಗಿದಿರುತ್ತದೆ ಅಂತ ಫ್ಯೂಚರ್ ಪರ್ಫೆಕ್ಟ್‌ನಲ್ಲಿ ಯಾರಾದರೂ ಹೇಳಿ.

ನಿಟ್ಟುವಳ್ಳಿ ಟ್ಯೂಷನ್ ಅಕ್ಕ
ದಯವಿಟ್ಟು ವಿಷಯಕ್ಕೆ ಬರೋಣ. ಜಾಜೂರು ಅವರೇ, ಆಫ್ಟರ್ ಜೊತೆಗೂ ವಿಲ್ ಬೇಡ ಅಂದಿರಿ. "ನಾನು ಓದಿ ಮುಗಿಸಿದ ಮೇಲೆ ಪುಸ್ತಕ ಕೊಡುತ್ತೇನೆ" ಅನ್ನುವಾಗ ಓದಿ ಮುಗಿಸುವುದೂ ಮುಂದೆ ತಾನೇ? ಅಲ್ಲಿ ಏನು ಹಾಕುವುದು?

ಜಾಜೂರು ಜಂಕ್ಷನ್
"ಆಫ್ಟರ್ ಐ ಹ್ಯಾವ್ ರೆಡ್ ಇಟ್." ವಿಲ್ ಬಿಟ್ಟುಬಿಡಿ, ಉಳಿದದ್ದು ಹಾಗೇ ಇರಲಿ. ಮುಂದಿನ ಮಾತಾದರೂ ಅಲ್ಲಿ ಪ್ರೆಸೆಂಟ್ ಪರ್ಫೆಕ್ಟೇ ಸರಿ. ಇಫ್ ಜೊತೆಗೂ ಹಾಗೆ. "ಇಫ್ ಯು ಹ್ಯಾವ್ ಫಿನಿಷ್ಡ್ ಬೈ ಸಿಕ್ಸ್, ಕಾಲ್ ಮಿ."

ತರಳಬಾಳು ಹುಣ್ಣಿಮೆ
ನಾನು ಬೇರೆ ಕಡೆಯಿಂದ ಬರುತ್ತೇನೆ. ಕನ್ನಡದವರಿಗೆ ಫ್ಯೂಚರ್ ಪರ್ಫೆಕ್ಟ್ ಕಷ್ಟ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ನಮ್ಮ ಬಾಯಲ್ಲಿ ಅದು ಹುಟ್ಟಿನಿಂದ ಇದೆ. ಮುಗಿಸಿರುತ್ತೇನೆ, ಹೋಗಿರುತ್ತಾರೆ, ಬಂದಿರುತ್ತದೆ. ಇದಕ್ಕಿಂತ ಸ್ಪಷ್ಟ ಏನು ಬೇಕು? "ಇರುತ್ತದೆ" ಬಂದಲ್ಲೆಲ್ಲ ವಿಲ್ ಹ್ಯಾವ್ ಹಾಕಿ ಅಂದರೆ ಕೆಲಸ ಮುಗಿಯಿತು.

ಪಿ.ಜೆ. ಬಡಾವಣೆ ಐಟಿ
ಮುಗಿಯುವುದಿಲ್ಲ. "ನಮ್ಮ ಅಪ್ಪ ದಿನಾ ಐದಕ್ಕೇ ಎದ್ದಿರುತ್ತಾರೆ." ಇದು ಅಭ್ಯಾಸ. ಇಲ್ಲಿ ವಿಲ್ ಹ್ಯಾವ್ ಹಾಕಿದರೆ ವಿಚಿತ್ರ ಆಗುತ್ತದೆ. "ಮೈ ಫಾದರ್ ಈಸ್ ಅಪ್ ಬೈ ಫೈವ್ ಎವ್ರಿ ಡೇ" ಅಂದರೆ ಸಾಕು. ಕನ್ನಡದ ಇರುತ್ತಾರೆ ನಾಳೆಗೂ ಬರುತ್ತದೆ, ದಿನನಿತ್ಯಕ್ಕೂ ಬರುತ್ತದೆ.

ತರಳಬಾಳು ಹುಣ್ಣಿಮೆ
ದಿನಾ, ಯಾವಾಗಲೂ ಅಂತ ಬಂದರೆ ಗೊತ್ತಾಗುತ್ತದಲ್ಲ. ಅಷ್ಟು ಎಚ್ಚರ ಮಕ್ಕಳಿಗೆ ಕಲಿಸಬಹುದು. ಬೈ ಅನ್ನುವ ರೂಲ್‌ಗಿಂತ ಇದು ಎಷ್ಟೋ ವಾಸಿ. ತನ್ನ ಭಾಷೆಯಿಂದ ಹೊರಟ ಮಗುವಿಗೆ ಹೆದರಿಕೆ ಇರುವುದಿಲ್ಲ.

ಹರಿಹರದ ಮೇಷ್ಟ್ರು
ಹೆದರಿಕೆಯ ಮಾತು ನಿಜ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಮ್ಮ ಮಕ್ಕಳು ಕನ್ನಡ ಮೀಡಿಯಂ ಅನ್ನುವ ಒಂದೇ ಕಾರಣಕ್ಕೆ ಪಿಯುಗೆ ಬಂದ ಮೇಲೆ ಬಾಯಿ ಬಿಡುವುದೇ ಇಲ್ಲ. ನಿನಗೆ ಇದು ಆಗಲೇ ಗೊತ್ತು, ಇಂಗ್ಲಿಷ್ ಬಟ್ಟೆ ಹಾಕುವುದು ಮಾತ್ರ ಬಾಕಿ ಅಂತ ಹೇಳಿದರೆ ಮುಖ ಅರಳುತ್ತದೆ. ನಾನು ನೋಡಿದ್ದೇನೆ.

ಚಳ್ಳಕೆರೆ ಶೇಂಗಾ
"ಇರುತ್ತದೆ" ಗೆಸ್ ಮಾಡುವುದಕ್ಕೂ ಬರುತ್ತದೆ. ಅಣ್ಣ ಬೆಳಿಗ್ಗೆ ಬೆಂಗಳೂರು ಬಿಟ್ಟ. ಈಗ ಗಂಟೆ ನೋಡಿ "ಶಿರಾ ದಾಟಿರುತ್ತಾನೆ" ಅನ್ನುತ್ತೇವೆ. ಇದು ಮುಂದಿನ ಮಾತೇ ಅಲ್ಲ. ಹಾಗಾಗಿ ಇಲ್ಲಿ ವಿಲ್ ಹ್ಯಾವ್ ಹಾಕುವ ಹಾಗಿಲ್ಲ.

ದುರ್ಗದ ಬಂಡೆ
ಇಲ್ಲ, ಇಲ್ಲಿ ಹಾಕಬಹುದು! "ಹಿ ವಿಲ್ ಹ್ಯಾವ್ ಕ್ರಾಸ್ಡ್ ಶಿರಾ ಬೈ ನೌ." ಅಪ್ಪಟ ಇಂಗ್ಲಿಷ್. ಈಗಾಗಲೇ ಆಗಿರುವುದರ ಬಗ್ಗೆ ನಂಬಿಕೆಯಿಂದ ಮಾಡುವ ಊಹೆಗೂ ವಿಲ್ ಹ್ಯಾವ್ ಇದೆ.

ಚಳ್ಳಕೆರೆ ಶೇಂಗಾ
ಹೆಸರೇ ಫ್ಯೂಚರ್. ಆಗಿಹೋದದ್ದಕ್ಕೆ ಹೇಗೆ ಬರುತ್ತದೆ?

ಪಿ.ಜೆ. ಬಡಾವಣೆ ಐಟಿ
ವಿಲ್ ಅಂದರೆ ಬರೀ ನಾಳೆ ಅಲ್ಲ. ಬಾಗಿಲು ಬಡಿದ ಸದ್ದಾದರೆ "ದ್ಯಾಟ್ ವಿಲ್ ಬಿ ದ ಮಿಲ್ಕ್‌ಮ್ಯಾನ್" ಅನ್ನುತ್ತಾರೆ. ಹಾಲಿನವನೇ ಇರುತ್ತಾನೆ. ಈ ಗಳಿಗೆಯ ಊಹೆ ಅದು. ಅದೇ ಊಹೆ ಹಿಂದಕ್ಕೆ ಹೋದರೆ ವಿಲ್ ಹ್ಯಾವ್. "ಯು ವಿಲ್ ಹ್ಯಾವ್ ಹರ್ಡ್ ದ ನ್ಯೂಸ್" ಅಂದರೆ ಸುದ್ದಿ ಕೇಳಿರುತ್ತೀರಿ. ಇಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿ ಹಿಡಿದಿವೆ. ತರಳಬಾಳು ಅವರ ಮಾತಿಗೆ ಇದು ಬಲವೇ.

ಚಳ್ಳಕೆರೆ ಶೇಂಗಾ
ದಾಟಿರಬೇಕು ಅಂದರೆ?

ಪಿ.ಜೆ. ಬಡಾವಣೆ ಐಟಿ
"ಮಸ್ಟ್ ಹ್ಯಾವ್ ಕ್ರಾಸ್ಡ್." ದಾಟಿರಬಹುದು ಅಂದರೆ "ಮೇ ಹ್ಯಾವ್ ಕ್ರಾಸ್ಡ್." ಮೂರೂ ಒಂದೇ ಅಚ್ಚು.

ಕುಂದುವಾಡ ಕೆರೆ
ಬೈಗೂ ಟಿಲ್‌ಗೂ ಇರುವ ವ್ಯತ್ಯಾಸ ಯಾರೂ ಹೇಳಲಿಲ್ಲ. "ಐ ವಿಲ್ ಹ್ಯಾವ್ ವರ್ಕ್ಡ್ ಟಿಲ್ ಫೈವ್" ಅಂತ ನನ್ನ ತಂಗಿ ಬರೆದಿದ್ದಳು. ಐದರ ತನಕ ಕೆಲಸ ಮಾಡುತ್ತಾ ಇರುತ್ತೇನೆ ಅಂತ ಅವಳ ಅರ್ಥ. ಅದಕ್ಕೆ "ವಿಲ್ ಬಿ ವರ್ಕಿಂಗ್ ಟಿಲ್ ಫೈವ್" ಬರಬೇಕು. ತನಕ ಅಂದರೆ ಟಿಲ್, ಹೊತ್ತಿಗೆ ಅಂದರೆ ಬೈ. ಕನ್ನಡದಲ್ಲಿ ಬೇರೆ ಬೇರೆಯೇ ಇವೆ, ಅದನ್ನೇ ಹಿಡಿದರೆ ಸಾಕು.

ಜಾಜೂರು ಜಂಕ್ಷನ್
ಒಳಗೆ ಅನ್ನುವುದು ಮಾತ್ರ ಕೈಕೊಡುತ್ತದೆ. ಸೋಮವಾರದೊಳಗೆ ಅಂದರೆ "ಬೈ ಮಂಡೇ". ಮೂರು ದಿನದೊಳಗೆ ಅಂದರೆ "ವಿದಿನ್ ತ್ರೀ ಡೇಸ್". ನಮಗೆ ಎರಡಕ್ಕೂ ಒಳಗೆ. ಅದಕ್ಕೇ ಜನ "ಬೈ ತ್ರೀ ಡೇಸ್" ಅನ್ನುತ್ತಾರೆ. ಬೈ ಆದ ಮೇಲೆ ಗಡಿಯಾರದ ಹೊತ್ತು, ಕ್ಯಾಲೆಂಡರಿನ ದಿನ, ಇಲ್ಲವೇ ಒಂದು ಘಟನೆ ಬರಬೇಕು. ಅವಧಿ ಬರಬಾರದು.

ಹೊಳಲ್ಕೆರೆ ರಸ್ತೆ
ಇದೆಲ್ಲ ಸರಿ. ಮಾತಾಡುವಾಗ ಇಷ್ಟೆಲ್ಲ ಯಾರು ನೋಡುತ್ತಾರೆ? ನಮ್ಮ ದೊಡ್ಡಪ್ಪ ದಾವಣಗೆರೆ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಬಾಂಬೆ ವ್ಯಾಪಾರಿಗಳ ಜೊತೆ ನಾಲ್ಕು ಪದದ ಇಂಗ್ಲಿಷ್‌ನಲ್ಲೇ ವ್ಯವಹಾರ ನಡೆಸಿದರು. ಯಾವ ಟೆನ್ಸೂ ಬೇಕಾಗಲಿಲ್ಲ.

ತರಳಬಾಳು ಹುಣ್ಣಿಮೆ
ಎದುರಿಗೆ ನಿಂತು ಮಾತಾಡಿದರೆ ಕೈಸನ್ನೆ, ಮುಖ ನೋಡಿ ಗೊತ್ತಾಗುತ್ತದೆ. ಕಾಗದದ ಮೇಲೆ ಅದು ಇರುವುದಿಲ್ಲ. ಸಾಲದ ಪತ್ರದಲ್ಲಿ "ಕಟ್ಟುತ್ತೇನೆ" ಮತ್ತು "ಕಟ್ಟಿರುತ್ತೇನೆ" ಎರಡೂ ಒಂದೇ ಅನ್ನುತ್ತೀರಾ?

ಹೊಳಲ್ಕೆರೆ ರಸ್ತೆ
ಅದು ಬೇರೆ. ಹಾಗೆ ನೋಡಿದರೆ ನೀವು ಹೇಳುವುದು ಸರಿ.

ಹರಿಹರದ ಮೇಷ್ಟ್ರು
ಅಕ್ಕ, ಮಕ್ಕಳಿಗೆ ಕೊಡಲು ಮೂರು ವಾಕ್ಯ ಬರೆಯುತ್ತೇನೆ. ಇಲ್ಲಿರುವವರೂ ಪ್ರಯತ್ನಿಸಿ. ಒಂದು, ಬಸ್ ಹಿರಿಯೂರು ಮುಟ್ಟುವ ಹೊತ್ತಿಗೆ ನಾವು ಎರಡು ಗಂಟೆ ಪ್ರಯಾಣ ಮಾಡಿರುತ್ತೇವೆ. ಎರಡು, ರಿಸಲ್ಟ್ ಬರುವ ಮೊದಲೇ ಅವರು ಊರು ಬಿಟ್ಟಿರುತ್ತಾರೆ. ಮೂರು, ರಾತ್ರಿ ಹತ್ತಕ್ಕೆ ಫೋನ್ ಮಾಡಬೇಡಿ, ಮಗು ಮಲಗಿರುತ್ತದೆ.

ಜಗಳೂರು ಆಸ್ಪಿರಂಟ್
ಒಂದು: "ವೆನ್ ದ ಬಸ್ ರೀಚಸ್ ಹಿರಿಯೂರು, ವಿ ವಿಲ್ ಹ್ಯಾವ್ ಬೀನ್ ಟ್ರಾವೆಲಿಂಗ್ ಫಾರ್ ಟೂ ಅವರ್ಸ್." ಎರಡು: "ದೆ ವಿಲ್ ಹ್ಯಾವ್ ಲೆಫ್ಟ್ ಟೌನ್ ಬಿಫೋರ್ ದ ರಿಸಲ್ಟ್ಸ್ ಕಮ್." ಮೂರು: "ದ ಬೇಬಿ ವಿಲ್ ಹ್ಯಾವ್ ಸ್ಲೆಪ್ಟ್." ಬಿಫೋರ್ ಆದ ಮೇಲೆ ವಿಲ್ ಹಾಕಿಲ್ಲ ನೋಡಿ.

ಹರಿಹರದ ಮೇಷ್ಟ್ರು
ಒಂದು, ಎರಡು ಭೇಷ್. ಮೂರನೆಯದು ಅಲ್ಲ.

ಜಗಳೂರು ಆಸ್ಪಿರಂಟ್
ಮಲಗಿರುತ್ತದೆ. ಇರುತ್ತದೆ ಇದೆಯಲ್ಲ ಸರ್?

ಹರಿಹರದ ಮೇಷ್ಟ್ರು
ಅದಕ್ಕೇ ಕೊಟ್ಟೆ. "ವಿಲ್ ಹ್ಯಾವ್ ಸ್ಲೆಪ್ಟ್" ಅಂದರೆ ನಿದ್ದೆ ಮಾಡಿ ಆಗಿರುತ್ತದೆ ಅನ್ನುವ ಅರ್ಥ ಬರುತ್ತದೆ. ನಿದ್ದೆ ಮುಗಿದಿದ್ದರೆ ಫೋನ್ ಮಾಡಲು ತೊಂದರೆ ಏನು? ನಮಗೆ ಬೇಕಾದ್ದು ಹತ್ತು ಗಂಟೆಗೆ ಮಗು ನಿದ್ದೆಯಲ್ಲಿದೆ ಅಂತ. "ದ ಬೇಬಿ ವಿಲ್ ಬಿ ಸ್ಲೀಪಿಂಗ್." ನಿದ್ದೆ ಹೋಗಿರುತ್ತದೆ ಅನ್ನಬೇಕಾದರೆ "ವಿಲ್ ಹ್ಯಾವ್ ಗಾನ್ ಟು ಸ್ಲೀಪ್" ಆಗಬಹುದು.

ಕನ್ನಡದಲ್ಲಿ ಮಲಗು, ಕೂರು, ನಿಲ್ಲು ಇವು ಬೇರೆ ಥರ. ಮಲಗಿದ ಮೇಲೂ ಆ ಸ್ಥಿತಿ ಉಳಿಯುತ್ತದೆ. "ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ" ಅಂದರೆ "ಐ ವಿಲ್ ಬಿ ಸ್ಟ್ಯಾಂಡಿಂಗ್". "ವಿಲ್ ಹ್ಯಾವ್ ಸ್ಟುಡ್" ಅಲ್ಲ.

ಹಿರಿಯೂರು ಮಾರಿಕಣಿವೆ
ನಾನು ಡ್ಯಾಮ್‌ಗೆ ವಿಲ್ ಹ್ಯಾವ್ ಸ್ಟುಡ್ ಹಾಕಿದ್ದೆ. ಅದು?

ಹರಿಹರದ ಮೇಷ್ಟ್ರು
ಅದು ಸರಿ. ಅಲ್ಲಿ 120 ವರ್ಷ ಅನ್ನುವ ಲೆಕ್ಕ ಇದೆ, ಅಷ್ಟು ಕಾಲ ತುಂಬಿರುತ್ತದೆ ಅನ್ನುವ ಮಾತು. ಬಸ್ ಸ್ಟ್ಯಾಂಡಿನಲ್ಲಿ ಲೆಕ್ಕ ಇಲ್ಲ, ಆ ಗಳಿಗೆಯ ಸ್ಥಿತಿ ಮಾತ್ರ.

ನಿಟ್ಟುವಳ್ಳಿ ಟ್ಯೂಷನ್ ಅಕ್ಕ
ಹಾಗಾದರೆ ಬಟ್ಟೆಗೂ ಇದೇ ಇರಬೇಕು. "ಕೆಂಪು ಸೀರೆ ಉಟ್ಟಿರುತ್ತೇನೆ, ಗುರುತು ಹಿಡಿಯಿರಿ." ಇಲ್ಲಿ "ವಿಲ್ ಹ್ಯಾವ್ ವೋರ್ನ್" ಅಂದರೆ ಉಟ್ಟು ಬಿಚ್ಚಿ ಆಗಿರುತ್ತದೆ ಅಂತ ಆಗಿಬಿಡುತ್ತದೆ ಅಲ್ವಾ?

ಜಾಜೂರು ಜಂಕ್ಷನ್
ಸರಿಯಾಗಿ ಹಿಡಿದಿರಿ. "ಐ ವಿಲ್ ಬಿ ವೇರಿಂಗ್ ಎ ರೆಡ್ ಸೀರೆ." ಛತ್ರಿ ಹಿಡಿದಿರುತ್ತೇನೆ ಅಂದರೂ "ವಿಲ್ ಬಿ ಹೋಲ್ಡಿಂಗ್". ಕಾಯುತ್ತಿರುತ್ತೇನೆ ಅನ್ನುವುದಕ್ಕೆ ನಮ್ಮಲ್ಲೇ "ಕಾಯುತ್ತಾ" ಇರುವುದರಿಂದ ಅಲ್ಲಿ ಯಾರೂ ಎಡವುವುದಿಲ್ಲ. ಮಕ್ಕಳಿಗೆ ಈ ಮಲಗು, ಕೂರು, ನಿಲ್ಲು, ಉಡು, ಹಿಡಿ ಐದನ್ನು ಬೇರೆ ಬರೆಸಿಬಿಡಿ ಅಕ್ಕ.